ಬಾಗಿಲ ಪಕ್ಕದ ಬೆಡ್ಡು

ಜೂನ್ 2, ಸೋಮವಾರ

ಎಂಟು ಗಂಟೆಗೆ ಸರಿಯಾಗಿ ಮೆಸೇಜು. "ಐಸಿಯು: ಹನ್ನೆರಡರಲ್ಲಿ ಹತ್ತು." ಹಿರಿಯ ಸಿಸ್ಟರ್ ನನಗೂ ನಿರ್ದೇಶಕರ ಆಫೀಸಿಗೂ ಕಳಿಸುತ್ತಾರೆ, ನಾನು ಕಂಪ್ಯೂಟರಿಗೆ ಏರಿಸುತ್ತೇನೆ, ಆಮೇಲೆ ಕಾಫಿ. ಈ ಕ್ರಮ ಒಂದು ದಿನವೂ ತಪ್ಪಿಲ್ಲ. ನನ್ನ ರೂಮು ಲಾಂಡ್ರಿಗೆ ಅಂಟಿಕೊಂಡಿದೆ, ಗೋಡೆ ಸದಾ ಬೆಚ್ಚಗೆ. ಬಾಗಿಲ ಮೇಲೆ "ಯೋಜನಾ ವಿಭಾಗ" ಎಂದು ಬೋರ್ಡು. ವಿಭಾಗ ಅಂದರೆ ನಾನೊಬ್ಬಳೇ.

ನಿರ್ದೇಶಕರು ಕರೆಸಿದರು. ಮುಂದಿನ ಮೂರು ವರ್ಷಕ್ಕೆ ಐಸಿಯುಗೆ ಎಷ್ಟು ಬೆಡ್ ಬೇಕು, ಯೋಜನೆ ಬರೆದುಕೊಡಬೇಕಂತೆ.

"ದಿನಾ ಒಂದೋ ಎರಡೋ ಖಾಲಿ ಬಿದ್ದಿರುತ್ತೆ. ಈ ಕಡೆ ಹಾರ್ಟ್ ಸರ್ಜನ್ನು ಬೆಡ್ ಇಲ್ಲ ಬೆಡ್ ಇಲ್ಲ ಅಂತ ನನ್ನ ಪ್ರಾಣ ತಿಂತಾರೆ. ಎರಡು ಬೆಡ್ ಅವರ ಆಪರೇಷನ್‌ಗೆ ಅಂತಲೇ ಕಟ್ಟಿಡೋಣ. ನಿಮ್ಮ ಲೆಕ್ಕಾನೂ ಅದನ್ನೇ ಹೇಳುತ್ತಲ್ಲ?"

ಹೇಳುತ್ತದೆ. ಒಂದು ವರ್ಷದ ಸರಾಸರಿ ತೆಗೆದೆ. ಹತ್ತರ ಮೇಲೆ ಚೂರುಪಾರು. ಹನ್ನೆರಡೂ ತುಂಬಿದ ದಿನಗಳು ಬೆರಳೆಣಿಕೆ. ಮಧ್ಯಾಹ್ನದೊಳಗೆ ಕರಡು ಸಿದ್ಧ, ನಿರ್ದೇಶಕರ ಮೇಜಿಗೂ ತಲುಪಿತು.

ಇಲ್ಲಿ ಬರೆಯುವುದಕ್ಕೇನು, ಯಾರೂ ಓದುವುದಿಲ್ಲ... ಬರೆಯುವಾಗ ಖುಷಿಯಾಯಿತು. ಆ ಸರ್ಜನ್ನರ ಸರದಿಯಲ್ಲಿ ಅಕ್ಕನ ಹೆಸರೂ ಇದೆ. ಎರಡು ಬೆಡ್ ಅವರಿಗೆ ಹೋದರೆ ಅಕ್ಕನ ದಿನ ಹತ್ತಿರ ಬರುತ್ತದೆ. ಲೆಕ್ಕವೂ ಸರಿ, ನನ್ನ ಸ್ವಾರ್ಥವೂ ಸರಿ. ಅಪರೂಪಕ್ಕೆ ಎರಡೂ ಒಂದೇ ದಾರಿ ಹಿಡಿದಿವೆ.

ಜೂನ್ 3, ಮಂಗಳವಾರ

ಸಂಜೆ ಅಕ್ಕನ ಮನೆ. ಗೇಟಿನ ಹೊರಗೆ ಅವಳ ಸ್ಕೂಲ್ ವ್ಯಾನ್ ಹಾಗೇ ನಿಂತಿದೆ. ಭಾವ ದಿನಾ ತೊಳೆಯುತ್ತಾರೆ, ಓಡಿಸಲು ಅವರಿಗೆ ಬರುವುದಿಲ್ಲ. ಅಕ್ಕ ಕಿಟಕಿಯಲ್ಲಿ ಕೂತು "ಆ ಚಕ್ರದ ಹಿಂದೆ ಕೆಸರಿದೆ ನೋಡ್ರಿ" ಎಂದು ದರ್ಬಾರು ನಡೆಸುತ್ತಾಳೆ.

ಎರಡು ಮಾತಾಡಿದರೆ ಉಸಿರು. ಹೃದಯದ ಕವಾಟ ಕಿರಿದಾಗಿ ರಕ್ತ ಹೊರಗೆ ಹೋಗಲು ಒದ್ದಾಡುತ್ತದಂತೆ. ಬದಲಾಯಿಸಬೇಕು. ಆಪರೇಷನ್ ಆದ ಮೇಲೆ ಎರಡು ದಿನವಾದರೂ ಐಸಿಯು ಬೇಕು. ಅದಕ್ಕೇ ಕಾಯುವುದು.

"ಬೇರೆ ವ್ಯಾನಿನವನು ಮಕ್ಕಳನ್ನ ಮೂಲೇಲಿ ಇಳಿಸ್ತಾನಂತೆ ಕಣೇ. ಗೇಟಿನ ತನಕ ಹೋಗಲ್ವಂತೆ. ಅರ್ಧ ದಾರೀಲಿ ಇಳಿಸೋದಾದ್ರೆ ಹತ್ತಿಸ್ಕೊಳ್ಳೋದಾದ್ರೂ ಯಾಕೆ?"

ಅವಳ ಕಾಯಿಲೆಗಿಂತ ಅವಳಿಗೆ ಆ ಮೂಲೆಯದೇ ಚಿಂತೆ. ಬೇಗ ಆಗುತ್ತದೆ ಅಕ್ಕ ಎಂದೆ. ಎರಡು ಬೆಡ್ಡಿನ ವಿಷಯವನ್ನೂ ಹೇಳಿಬಿಟ್ಟೆ. ಭಾವನ ಮುಖ ಅರಳಿತು. ಹೇಳಬಾರದಿತ್ತೇನೋ.

ಜೂನ್ 5, ಗುರುವಾರ

ಏನು ಬರೆಯಲಿ. ತಲೆ ಚಿಟ್ಟು ಹಿಡಿದಿದೆ.

ಕರಡಿಗೆ ಆಕ್ಸಿಜನ್ ಪಾಯಿಂಟುಗಳ ಸಂಖ್ಯೆ ಬೇಕಿತ್ತು. ಡಾಕ್ಟರುಗಳ ರೌಂಡ್ಸ್ ಶುರುವಾಗುವ ಮುಂಚೆ ಎಣಿಸಿ ಬರೋಣವೆಂದು ಬೆಳಿಗ್ಗೆ ಬೇಗ ಐಸಿಯುಗೆ ಹೋದೆ. ಒಂದು ವರ್ಷದಿಂದ ಇದರ ಲೆಕ್ಕ ಬರೆಯುತ್ತಿದ್ದೇನೆ, ಆ ಹೊತ್ತಿನಲ್ಲಿ ಒಳಗೆ ಕಾಲಿಟ್ಟವಳಲ್ಲ.

ಹನ್ನೆರಡೂ ತುಂಬಿದ್ದವು.

ನೋಡುತ್ತಿದ್ದ ಹಾಗೆ ನಾಲ್ಕನೇ ಬೆಡ್ಡಿನವರನ್ನು ಟ್ರಾಲಿಗೆ ಎತ್ತಿದರು. ಬಡಗಿಯಂತೆ, ಬೆರಳ ಸಂದಿಯಲ್ಲಿ ಇನ್ನೂ ಪಾಲಿಶ್ ಕಲೆ. ನ್ಯುಮೋನಿಯಾ. ಉಸಿರಾಟಕ್ಕೆಂದು ಗಂಟಲಿಗೆ ಹಾಕಿದ್ದ ನಳಿಗೆಯನ್ನು ಹಿಂದಿನ ದಿನವಷ್ಟೇ ತೆಗೆದಿದ್ದರು. ಹೆಂಡತಿ ಚಪ್ಪಲಿ ಚೀಲ ಹಿಡಿದು ಹಿಂದೆಯೇ ಓಡಿದರು. "ಹುಷಾರಾದ್ರಾ? ಹುಷಾರಾದ್ರು ಅಂತ ತಾನೆ ಕಳಿಸ್ತಿರೋದು?" ಟ್ರಾಲಿ ನಿಲ್ಲಲಿಲ್ಲ. ಆಮೇಲೆ ಬಾಗಿಲ ಪಕ್ಕದ ಹನ್ನೆರಡನೇ ಬೆಡ್ಡಿನ ಅಜ್ಜಿ. ಎರಡೂ ಬೆಡ್ಡು ಒರೆಸಿದರು, ಹೊಸ ಚಾದರ ಎಳೆದರು. ಹಿರಿಯ ಸಿಸ್ಟರ್ ಮೊಬೈಲ್ ತೆಗೆದು ಟೈಪ್ ಮಾಡಿದರು. ನನ್ನ ಜೇಬಿನಲ್ಲಿ ಸದ್ದಾಯಿತು.

"ಐಸಿಯು: ಹನ್ನೆರಡರಲ್ಲಿ ಹತ್ತು."

ಕಾಫಿಯ ಹೊತ್ತಿಗೆ ನಾಲ್ಕನೇ ಬೆಡ್ಡಿನಲ್ಲಿ ಆಪರೇಷನ್ ಥಿಯೇಟರಿನಿಂದ ಬಂದ ಒಬ್ಬರು ಮಲಗಿದ್ದರು. ಹನ್ನೆರಡನೆಯದು ಮಧ್ಯಾಹ್ನಕ್ಕೆ ತುಂಬಿತು.

ಜೂನ್ 6, ಶುಕ್ರವಾರ

ಹಿರಿಯ ಸಿಸ್ಟರನ್ನು ಕೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ನಕ್ಕರು. ನರ್ಸುಗಳ ಮೇಜಿನ ಮೇಲಿದ್ದ ಬೂದು ಬಣ್ಣದ ಫೋನು ತೋರಿಸಿದರು. ರಿಸೀವರ್ ಒಡೆದು ಪ್ಲಾಸ್ಟರ್ ಸುತ್ತಿದೆ.

"ತುಂಬಿದೆ ಅಂತ ಒಂದು ದಿನ ಕಳಿಸಿ ನೋಡಿ ಮೇಡಂ. ಕೂಡಲೇ ಅದು ಹೊಡ್ಕೊಳ್ಳುತ್ತೆ. ಯಾಕೆ ತುಂಬಿದೆ, ಯಾರನ್ನ ಕಳಿಸ್ತೀರಿ, ಇನ್ನೂ ಯಾಕೆ ಕಳಿಸಿಲ್ಲ. ದೊಡ್ಡವರ ಆಫೀಸಿಂದ. ಅರ್ಧ ಗಂಟೆ ನನ್ನ ಬೆವರಿಳಿಸ್ತಾರೆ. ನಾನು ಪೇಷಂಟ್ ನೋಡ್ಲಾ, ಫೋನ್ ಹಿಡ್ಕೊಂಡು ನಿಂತ್ಕೊಳ್ಲಾ?"

"ಅದಕ್ಕೆ ಎಂಟರೊಳಗೆ ಖಾಲಿ ಮಾಡ್ತೀರಾ?"

"ನಾನು ಬರೋ ಮುಂಚಿಂದ್ಲೂ ಹೀಗೇ. ಇನ್ನೊಂದೂ ಇದೆ ಅನ್ನಿ. ಬಾಗಿಲ ಪಕ್ಕದ್ದು ಖಾಲಿ ಇದ್ರೆ ನಂಗೆ ಧೈರ್ಯ. ಯಾವಾಗ ಯಾರು ಬರ್ತಾರೋ ಯಾರಿಗ್ಗೊತ್ತು? ಬಂದೋರನ್ನ ಎಲ್ಲಿ ಮಲಗಿಸ್ಲಿ, ನನ್ನ ತಲೆ ಮೇಲಾ?"

ಅವರ ಮೇಲೆ ಸಿಟ್ಟು ಬರಲಿಲ್ಲ. ನನ್ನ ಮೇಲೇ ಬಂತು. ಗುಡಿಸಿ ಒರೆಸಿದ ಮೇಲೆ ಮನೆ ನೋಡಲು ಹೋಗಿ, ಈ ಮನೆಯಲ್ಲಿ ಕಸವೇ ಆಗುವುದಿಲ್ಲ ಎಂದು ಬರೆದುಕೊಂಡು ಬಂದವಳು ನಾನು.

ಕರಡು ವಾಪಸ್ ತೆಗೆದುಕೊಂಡೆ. ಇನ್ನೂ ಸ್ವಲ್ಪ ಕೆಲಸ ಇದೆ ಸರ್ ಎಂದೆ. ನಿರ್ದೇಶಕರು ಮೂಗು ಮುರಿದರು.

ಜೂನ್ 10, ಮಂಗಳವಾರ

ಬಡಗಿ ವಾಪಸ್ ಬಂದಿದ್ದಾರೆ. ವಾರ್ಡಿನಲ್ಲಿ ಉಸಿರು ಕಟ್ಟಿ, ಮತ್ತೆ ನಳಿಗೆ, ಮತ್ತೆ ವೆಂಟಿಲೇಟರ್. ಮತ್ತೆ ಅದೇ ನಾಲ್ಕನೇ ಬೆಡ್ಡು. ಹೆಂಡತಿ ಹೊರಗಿನ ಬೆಂಚಿನಲ್ಲಿ ಅದೇ ಚಪ್ಪಲಿ ಚೀಲ ಹಿಡಿದು ಕೂತಿದ್ದಾರೆ. ನನ್ನನ್ನು ಡಾಕ್ಟರ್ ಎಂದುಕೊಂಡು ಎದ್ದು ನಿಂತರು.

ನಿರ್ಧಾರ ಮಾಡಿದೆ. ದಿನಕ್ಕೊಂದು ಸಲ ಎಣಿಸುವುದು ಸಾಕು. ನಾನೇ ದಿನಕ್ಕೆ ನಾಲ್ಕು ಸಲ ಹೋಗುತ್ತೇನೆ, ಕಣ್ಣಾರೆ ನೋಡುತ್ತೇನೆ. ಬೆಳಗಿನ ಗಡಿಬಿಡಿಯಲ್ಲಿ ವಾರ್ಡಿಗೆ ಹೋದವರಲ್ಲಿ ಎಷ್ಟು ಜನ ಹಿಂದಿರುಗಿದರು ಎಂಬುದನ್ನೂ ಹುಡುಕುತ್ತೇನೆ. ಹಿರಿಯ ಸಿಸ್ಟರ್ "ನಿಮಗೆ ಬೇರೆ ಕೆಲಸ ಇಲ್ವಾ?" ಎಂದರು. ಆದರೆ ಒಂದು ಸ್ಟೂಲು ತರಿಸಿದರು.

ಹೀಗೆ ಎಣಿಸಿದರೆ ಅಕ್ಕನ ಎರಡು ಬೆಡ್ಡು ಗಾಳಿಗೆ ಹೋಗುತ್ತವೆ, ಗೊತ್ತು. ಗೊತ್ತಿದ್ದೇ ಹೊರಟಿದ್ದೇನೆ.

ಜೂನ್ 19, ಗುರುವಾರ

ಮೀಟಿಂಗು. ಉದ್ದ ಮೇಜು, ತಣ್ಣನೆಯ ಎಸಿ, ಯಾರೂ ಮುಟ್ಟದ ಬಿಸ್ಕತ್ತು.

ಹೇಳಿದೆ. ಎಂಟು ಗಂಟೆಗೆ ಹತ್ತು ಇರುವ ಐಸಿಯು ಮಧ್ಯಾಹ್ನಕ್ಕೆ ಹನ್ನೆರಡು. ಕೆಲವು ದಿನ ಹದಿಮೂರನೆಯವರು ಕ್ಯಾಶುವಾಲಿಟಿಯ ಟ್ರಾಲಿಯ ಮೇಲೆ, ಯಾರೋ ಪಕ್ಕದಲ್ಲಿ ನಿಂತು ಕೈಯಲ್ಲಿ ರಬ್ಬರ್ ಚೀಲ ಹಿಂಡಿ ಉಸಿರು ಒತ್ತುತ್ತಾ. ಬೆಳಿಗ್ಗೆ ಅವಸರದಲ್ಲಿ ಕಳಿಸಿದವರಲ್ಲಿ ಆರಕ್ಕೊಬ್ಬರು ಹೆಚ್ಚು ಕೆಟ್ಟು ಹಿಂದಿರುಗಿದ್ದಾರೆ. ಹಿಂದಿರುಗಿದವರು ಇನ್ನೂ ಹೆಚ್ಚು ದಿನ ಮಲಗುತ್ತಾರೆ. ಬೆಡ್ ಉಳಿಸಲು ಹೋಗಿ ಬೆಡ್ ಕಳೆದುಕೊಳ್ಳುತ್ತಿದ್ದೇವೆ. ಹದಿನಾಲ್ಕು ಬೇಕು.

ನಿರ್ದೇಶಕರು ನನ್ನ ಹಳೆಯ ಕರಡಿನ ಜೆರಾಕ್ಸ್ ಪ್ರತಿ ಮುಂದೆ ತಳ್ಳಿದರು. "ಇದೂ ನೀವೇ ಕೊಟ್ಟಿದ್ದಲ್ವಾ?"

"ಹೌದು ಸರ್. ಅದು ತಪ್ಪು. ಎಂಟಕ್ಕೆ ಬರೋ ಲೆಕ್ಕ ನಿಮ್ಮ ಆಫೀಸಿನ ಫೋನಿಗೆ ಹೆದರಿ ಬರೋ ಲೆಕ್ಕ."

ಅಷ್ಟು ನೇರವಾಗಿ ಹೇಳಬೇಕೆಂದು ಹೋಗಿರಲಿಲ್ಲ. ಬಾಯಿಂದ ಬಂದುಬಿಟ್ಟಿತು. ಹಿರಿಯ ಸಿಸ್ಟರ್ ಬಿಸ್ಕತ್ತು ನೋಡುತ್ತಾ ಕೂತರು.

ಕೊನೆಗೆ ಇನ್ನೆರಡು ಹೊಸ ಬೆಡ್ಡಿಗೆ ಒಪ್ಪಿದರು. ಅವು ಬರುವ ತನಕ ಏನು? ಕೊನೆಯ ಖಾಲಿ ಬೆಡ್ಡು ತುರ್ತು ರೋಗಿಗೇ ಇರಲಿ, ದಿನ ನಿಗದಿಯಾದ ಆಪರೇಷನ್‌ಗೆ ಕೊಡುವುದು ಬೇಡ, ಹಾಗೇ ಯಾರನ್ನೂ ಅವಧಿಗೆ ಮುಂಚೆ ಎಬ್ಬಿಸಿ ಕಳಿಸುವುದೂ ಬೇಡ ಎಂದೆ. ಜುಲೈ ಒಂದರಿಂದ ನೋಡೋಣ ಎಂದರು. "ನೀವೇ ಹೇಳಿದ್ದು, ನೀವೇ ನಿಂತು ನಡೆಸಿ. ದಿನಾ ಬೆಳಿಗ್ಗೆ ಹೂಂ ಅನ್ನೋದು, ಇಲ್ಲ ಅನ್ನೋದು ನಿಮ್ಮ ಕೆಲಸ."

ಸರ್ಜನ್ ಹೊರಗೆ ಬಂದು ಲಿಫ್ಟಿನ ಹತ್ತಿರ ನಿಂತರು. ಒಳ್ಳೆಯವರು. ಬೆದರಿಸುವ ದನಿಯಲ್ಲ.

"ನಿಮ್ಮಕ್ಕನ ಫೈಲು ನನ್ನ ಹತ್ರಾನೇ ಇದೆ ಅಲ್ವಾ ಮೇಡಂ?"

"ಇದೆ ಸರ್."

"ಜುಲೈ ಮೂರಕ್ಕೆ ಹಾಕಿದ್ದೀನಿ."

ಲಿಫ್ಟ್ ಬಂತು. ಇಬ್ಬರೂ ಹತ್ತಿದೆವು.

ಜೂನ್ 24, ಮಂಗಳವಾರ

ಎರಡು ಮಂಚ ಬಂದವು. ನಿರ್ದೇಶಕರು ಫೋಟೋ ತೆಗೆಸಿಕೊಂಡರು. "ತಗೊಳ್ಳಿ, ನಿಮ್ಮ ಹದಿನಾಲ್ಕು."

"ಸರ್, ಇದು ಮಂಚ."

"ಮತ್ತೆ ನೀವು ಕೇಳಿದ್ದೇನು?"

ಮೂರು ಪಾಳಿ, ವಾರದ ರಜೆ, ಕಾಯಿಲೆ ಕಸಾಲೆ ಎಲ್ಲ ಸೇರಿದರೆ ಒಂದು ಐಸಿಯು ಬೆಡ್ಡಿಗೆ ಐದು ಜನ ನರ್ಸ್ ಬೇಕು, ಎರಡಕ್ಕೆ ಹತ್ತು ಎಂದೆ. ನನ್ನ ಯೋಜನೆಯ ಎರಡನೇ ಪುಟದಲ್ಲೇ ಇದೆ. ಎರಡನೇ ಪುಟ ಯಾರು ತಿರುಗಿಸುತ್ತಾರೆ? ಹತ್ತು ಜನರ ನೇಮಕಕ್ಕೆ ಸಹಿ ಆಗುವ ತನಕ ಬಾಗಿಲಲ್ಲೇ ನಿಂತೆ. ಸಹಿ ಆಯಿತು. ಆದರೆ ಅವರೆಲ್ಲ ಬಂದು, ಕಲಿತು, ನಿಲ್ಲುವುದು ಆಗಸ್ಟ್ ಕೊನೆಗೆ.

ಅಲ್ಲಿಯ ತನಕ ಮಂಚಗಳ ಮೇಲೆ ಹೌಸ್‌ಕೀಪಿಂಗ್‌ನವರು ಬಕೆಟ್ ಇಡುತ್ತಿದ್ದಾರೆ. ಹಿರಿಯ ಸಿಸ್ಟರ್ ಅವಕ್ಕೆ "ಅಳಿಯಂದಿರು" ಎಂದು ಹೆಸರಿಟ್ಟಿದ್ದಾರೆ. ಜಾಗ ಬೇಕು, ಮರ್ಯಾದೆ ಬೇಕು, ಕೆಲಸ ಮಾತ್ರ ಇಲ್ಲ.

ಜುಲೈ 1, ಮಂಗಳವಾರ

ಮೊದಲ ದಿನ. ಹತ್ತು ತುಂಬಿತ್ತು, ಯಾರನ್ನೂ ಎಬ್ಬಿಸದೆ. ಒಂದು ಆಪರೇಷನ್‌ಗೆ ಹೂಂ ಎಂದೆ. ಸುಲಭವಾಯಿತು.

ಗುರುವಾರವೂ ಹೀಗೇ ಇರಲಿ. ನಾನು ಯಾವುದಕ್ಕೂ ಹರಕೆ ಹೊರುವವಳಲ್ಲ. ಆದರೂ ಇರಲಿ.

ಜುಲೈ 2, ಬುಧವಾರ

ಅಕ್ಕ ಅಡ್ಮಿಟ್ ಆದಳು. ಆಸ್ಪತ್ರೆಯ ಅಂಗಿ ತೊಟ್ಟು "ಹಿಂದುಗಡೆ ಎಲ್ಲ ಗಾಳಿ ಕಣೇ" ಎಂದು ನಕ್ಕು, ಆ ನಗುವಿಗೇ ಉಸಿರು ಹತ್ತಿ ಕೂತಳು. ಭಾವ ಎರಡು ದಿಂಬು ತಂದಿದ್ದಾರೆ. ವ್ಯಾನಿನ ಬೀಗದಕೈ ಅವಳ ಪರ್ಸಿನಲ್ಲಿದೆ. ಯಾಕೆ ತಂದಳೋ.

ಜುಲೈ 3, ಗುರುವಾರ

ಹನ್ನೊಂದು ತುಂಬಿದೆ. ಬಾಗಿಲ ಪಕ್ಕದ್ದು ಒಂದೇ ಖಾಲಿ.

ಏಳೂವರೆಗೆ ಸ್ಟೂಲಿನಲ್ಲಿ ಕೂತು ಮತ್ತೆ ಮತ್ತೆ ಎಣಿಸಿದೆ. ಎಣಿಸಿದರೆ ಹೆಚ್ಚಾಗುತ್ತದೆಯೇ? ಹಿರಿಯ ಸಿಸ್ಟರ್ ಪಕ್ಕದಲ್ಲಿ ನಿಂತರು. ಮೆಲ್ಲಗೆ ಹೇಳಿದರು.

"ನಾಲ್ಕನೇ ಬೆಡ್ಡಿನ ಬಡಗೀಗೆ ನಿನ್ನೆ ಸಂಜೆ ನಳಿಗೆ ತೆಗೆದ್ವಿ. ಬೇಕಾದ್ರೆ... ಮೊದಲಿನ ಥರ ವಾರ್ಡಿಗೆ ಕಳಿಸಬಹುದು. ಯಾರೂ ಏನೂ ಅನ್ನಲ್ಲ ಮೇಡಂ. ಮನೆಯವರ ವಿಷಯ."

ಆಗ ಸರ್ಜನ್ ಫೋನು. "ಥಿಯೇಟರ್ ರೆಡಿ. ಒಂದು ಬೆಡ್ ಇದೆಯಲ್ಲ?"

ನಾಲ್ಕನೇ ಬೆಡ್ಡಿನ ಕಡೆ ನೋಡಿದೆ. ಮಾಸ್ಕಿನೊಳಗೆ ಅವರ ಬಾಯಿ ಮೀನಿನ ಬಾಯಿಯಂತೆ ತೆರೆದು ಮುಚ್ಚುತ್ತಿತ್ತು. ಬೇರೆ ಯಾರದೋ ಅಕ್ಕನಾಗಿದ್ದರೆ ಏನು ಹೇಳುತ್ತಿದ್ದೆ? ಅದನ್ನೇ ಹೇಳಿದೆ.

"ಇದೆ ಸರ್. ಕೊಡೋಕೆ ಆಗಲ್ಲ."

"ಯೋಚನೆ ಮಾಡಿ ಹೇಳ್ತಿದ್ದೀರಾ?" ಎಂದರು. ಹೌದು ಎಂದೆ. ಮುಂದಿನ ಬಿಡುವು ಹದಿನೇಳಕ್ಕೆ ಎಂದು ಹೇಳಿ ಇಟ್ಟರು.

ವಾರ್ಡಿಗೆ ನಾನೇ ಹೋಗಿ ಹೇಳಿದೆ. ಬೇರೆಯವರನ್ನು ಕಳಿಸಿದ್ದರೆ ನಾನು ಮನುಷ್ಯಳೇ ಅಲ್ಲ. ಅಕ್ಕ ಹಸಿದಿದ್ದಳು, ತುಟಿ ಒಣಗಿತ್ತು. ನನ್ನ ಮುಖ ನೋಡಿಯೇ ಗೊತ್ತಾಯಿತು. ಏನೂ ಬೈಯಲಿಲ್ಲ. "ಮನೆಗೆ ಹೋಗೋಣ ನಡೀರಿ" ಎಂದಳು — ನನಗಲ್ಲ, ಭಾವನಿಗೆ. ಟ್ಯಾಕ್ಸಿ ಹತ್ತುವಾಗ ಕೈ ಕೊಡಹೋದೆ. ಹಿಡಿಯಲಿಲ್ಲ.

ಜುಲೈ 4, ಶುಕ್ರವಾರ

ಭಾವ ಬೆಳಿಗ್ಗೆ ನನ್ನ ರೂಮಿಗೆ ಬಂದರು. ಕೂರಲಿಲ್ಲ.

"ಒಂದೇ ಒಂದು ಕೇಳ್ತೀನಿ. ನಿನ್ನೆ ಆ ಬೆಡ್ಡಲ್ಲಿ ಯಾರು ಮಲಗಿದ್ರು?"

ಸುಳ್ಳು ಹೇಳಬಹುದಿತ್ತು.

"ಯಾರೂ ಇಲ್ಲ ಭಾವ."

"ಇಡೀ ದಿನ?"

"ಇಡೀ ದಿನ. ರಾತ್ರೀನೂ."

ತಲೆಯಾಡಿಸಿದರು. ಲಾಂಡ್ರಿಯ ಗೋಡೆಗೆ ಕೈ ಇಟ್ಟರು, ಬಿಸಿ ತಗುಲಿ ತೆಗೆದರು. "ಅವಳು ನಿನ್ನ ಎತ್ತಿ ಆಡಿಸಿದವಳು" ಎಂದರು. ಹೊರಟುಹೋದರು.

ಬಾಗಿಲು ಹಾಕಿಕೊಂಡು ಅತ್ತೆ. ಚೆನ್ನಾಗಿಯೇ ಅತ್ತೆ. ಯಾರಾದರೂ ಬಂದು ಆ ಬೆಡ್ಡಿನಲ್ಲಿ ಮಲಗಿದ್ದರೆ ಎಷ್ಟು ಸಲೀಸಾಗಿತ್ತು. ಒಂದು ಅಪಘಾತ, ಒಂದು ಹೃದಯಾಘಾತ... ಯಾರಿಗೋ ಕೆಡುಕಾಗಲಿ ಎಂದು ಮನಸ್ಸು ಬಯಸಿತ್ತು, ನನ್ನ ಮಾತು ನಿಜವಾಗಲಿ ಎಂದು. ಥೂ.

ಖಾಲಿ ಇದ್ದದ್ದು ತಪ್ಪಲ್ಲ. ಯಾರೂ ಬರದ ದಿನವೂ ಅದು ತಪ್ಪಲ್ಲ. ಇದನ್ನು ಭಾವನಿಗೆ ಹೇಗೆ ಹೇಳಲಿ? ನನಗೇ ಹತ್ತು ಸಲ ಹೇಳಿಕೊಂಡರೆ ಎಂಟು ಸಲ ಮಾತ್ರ ನಂಬಿಕೆ ಬರುತ್ತದೆ.

ಜುಲೈ 6, ಭಾನುವಾರ

ರಜೆ. ಆದರೂ ಹೋದೆ. ಬಡಗಿಯನ್ನು ಇವತ್ತು ವಾರ್ಡಿಗೆ ಕಳಿಸಿದರು. ಟ್ರಾಲಿ ಬೇಡವೆಂದು ಹಟ ಹಿಡಿದು, ವಾಕರ್ ಹಿಡಿದು, ಬಾಗಿಲ ತನಕ ತಾನೇ ನಡೆದರು. ಚೌಕಟ್ಟಿನ ಹತ್ತಿರ ನಿಂತು ಕೈಯಿಂದ ಸವರಿ, "ಈ ಬಾಗಿಲು ಸರಿಯಾಗಿ ಕೂತಿಲ್ಲ. ತಳ ತಾಗ್ತಿದೆ" ಎಂದರು. ಹೆಂಡತಿ ಈ ಸಲ ಚಪ್ಪಲಿ ಚೀಲದಿಂದ ಚಪ್ಪಲಿ ತೆಗೆದು ಕಾಲಿಗೆ ಹಾಕಿದರು.

ಸಂಜೆ ಅಕ್ಕನ ಮನೆಯ ಗೇಟಿನ ತನಕ ಹೋದೆ. ವ್ಯಾನ್ ತೊಳೆದಿರಲಿಲ್ಲ. ಬೆಲ್ ಒತ್ತದೆ ವಾಪಸ್ ಬಂದೆ.

ಜುಲೈ 8, ಮಂಗಳವಾರ

ಇಲ್ಲ ಎಂದೆ. ಯಾರದೋ ತಂದೆ. ಮಗಳು ಕಾರಿಡಾರಿನಲ್ಲಿ ನನ್ನನ್ನು ಹಿಡಿದು ಬಾಯಿಗೆ ಬಂದಂತೆ ಬೈದಳು. ನಿಂತು ಕೇಳಿಸಿಕೊಂಡೆ. "ನಿಮ್ಮ ಮನೆಯವರಾಗಿದ್ರೆ ಹೀಗ್ ಮಾಡ್ತಿದ್ರಾ?" ಎಂದಳು.

ಉತ್ತರ ಇತ್ತು. ಕೊಡಲಿಲ್ಲ.

ಮಧ್ಯಾಹ್ನ ಬಾಗಿಲ ಪಕ್ಕದ ಬೆಡ್ಡಿಗೆ ರಸ್ತೆಯಲ್ಲಿ ಬಿದ್ದ ಒಬ್ಬ ಪೋಸ್ಟ್‌ಮ್ಯಾನ್ ಬಂದರು. ಬದುಕುತ್ತಾರಂತೆ. ಖುಷಿಯಾಗಬೇಕಿತ್ತು. ಆಯಿತು, ಆದರೆ ಅಕ್ಕನನ್ನು ವಾಪಸ್ ಕಳಿಸಿದ ಆ ಗುರುವಾರಕ್ಕೆ ಅದು ತಲುಪಲಿಲ್ಲ.

ಜುಲೈ 14, ಸೋಮವಾರ

ಶುಕ್ರವಾರದಿಂದ ಪುಸ್ತಕ ಮುಟ್ಟಿಲ್ಲ. ಬರೆಯುವ ಸ್ಥಿತಿಯಲ್ಲಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಭಾವನ ಫೋನು. ಮಾತಿಲ್ಲ, ಬರೀ ಸದ್ದು — ಹಿಂದೆ ಯಾರೋ ನೀರಿನಲ್ಲಿ ಉಸಿರಾಡುತ್ತಿರುವಂಥ ಸದ್ದು. ಅಕ್ಕ. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಆಂಬುಲೆನ್ಸ್ ಬರುವಾಗ ಕ್ಯಾಶುವಾಲಿಟಿಯ ಬಾಗಿಲಲ್ಲಿ ನಿಂತಿದ್ದೆ. ತುಟಿ ನೀಲಿ. ಕಣ್ಣು ನನ್ನ ಮೇಲೆ, ಆದರೆ ಗುರುತಿಲ್ಲ.

ಕ್ಯಾಶುವಾಲಿಟಿ ಡಾಕ್ಟರ್ ಐಸಿಯುಗೆ ಫೋನ್ ಮಾಡಿ "ಬೆಡ್ ಇದೆಯಾ?" ಎಂದರು. ಆ ಕಡೆಯಿಂದ ಹಿರಿಯ ಸಿಸ್ಟರ್ ದನಿ ನನಗೂ ಕೇಳಿಸಿತು.

"ಇದೆ. ಕಳಿಸಿ."

ಎರಡೇ ಮಾತು. ಲಿಫ್ಟು, ಕಾರಿಡಾರು, ತಳ ತಾಗುವ ಬಾಗಿಲು, ಬಾಗಿಲ ಪಕ್ಕದ ಬೆಡ್ಡು. ಚಾದರ ಮಡಿಕೆ ಮುರಿದಿರಲಿಲ್ಲ. ವೆಂಟಿಲೇಟರ್ ಪರೀಕ್ಷಿಸಿ ಇಟ್ಟಿದ್ದರು. ಯಾರನ್ನೂ ಎಬ್ಬಿಸಬೇಕಾಗಲಿಲ್ಲ, ಯಾರನ್ನೂ ಕೇಳಬೇಕಾಗಲಿಲ್ಲ. ಹೊರಗೆ ಟ್ರಾಲಿಯಲ್ಲಿ ಕಾದಿದ್ದರೆ ಉಳಿಯುತ್ತಿರಲಿಲ್ಲ ಎಂದು ಆಮೇಲೆ ಸರ್ಜನ್ ಹೇಳಿದರು.

ಮೂರನೇ ತಾರೀಕು ಆಪರೇಷನ್ ಆಗಿದ್ದರೆ ಈ ಸ್ಥಿತಿಯೇ ಬರುತ್ತಿರಲಿಲ್ಲ. ಅದನ್ನು ಅವರು ಹೇಳಲಿಲ್ಲ. ಹೇಳುವ ಅಗತ್ಯವಿಲ್ಲ.

ಎರಡೂ ನಿಜ. ಒಂದನ್ನು ಹಿಡಿದು ಇನ್ನೊಂದನ್ನು ಕೆಳಗಿಡಲು ನೋಡಿದೆ, ಆಗಲಿಲ್ಲ. ಎರಡನ್ನೂ ಹೊತ್ತುಕೊಂಡೇ ಕೆಲಸಕ್ಕೆ ಹೋಗುವುದು.

ಇವತ್ತು ನಳಿಗೆ ಇಲ್ಲ, ಮಾಸ್ಕು ಮಾತ್ರ. ಬೆರಳಾಡಿಸಿ ಹತ್ತಿರ ಕರೆದಳು. ಹನ್ನೊಂದು ದಿನದ ಮೇಲೆ ನನ್ನ ಜೊತೆ ಮೊದಲ ಮಾತು.

"ಆ ನಾಲ್ಕನೇ ಬೆಡ್ಡಿನವನು?"

ಈ ಮೂರು ದಿನ ಹೊರಗೆ ಕಾಯುವಾಗ ಭಾವನಿಗೆ ನಾನೇ ಎಲ್ಲ ಹೇಳಿದ್ದೆ, ಅವರು ಅವಳಿಗೆ ಹೇಳಿದ್ದಾರೆ.

"ನಡ್ಕೊಂಡು ಹೋದರು ಅಕ್ಕ. ಚಪ್ಪಲಿ ಹಾಕ್ಕೊಂಡು."

ಕಣ್ಣು ಮುಚ್ಚಿದಳು. "ಗೇಟಿನ ತನಕ ಬಿಟ್ಯಲ್ಲ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ನಿನ್ನ ಮೇಲೆ ಸಿಟ್ಟು ಇನ್ನೂ ಇದೆ. ಹೋಗಿಲ್ಲ."

ಇರಲಿ ಅಕ್ಕ. ಸಿಟ್ಟು ಮಾಡಲು ನೀನಿರು.

ನಾಳೆ ಆಪರೇಷನ್.

ಜುಲೈ 15, ಮಂಗಳವಾರ, ಸಂಜೆ

ಆಯಿತು. ಹೊಸ ಕವಾಟ ಕೂತಿದೆ. ಸರ್ಜನ್ ಟೋಪಿ ತೆಗೆದು ಹೂಂ ಎಂಬಂತೆ ಒಂದು ಸಲ ತಲೆಯಾಡಿಸಿದರು, ಅಷ್ಟೇ. ಭಾವ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ನಾನೂ ಪಕ್ಕದಲ್ಲಿ ಕೂತೆ. ಆಮೇಲೆ ಅವರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಮೊದಲ ಲೋಟ ನನಗೆ ಕೊಟ್ಟರು.

ಮತ್ತೆ ಅದೇ ಬಾಗಿಲ ಪಕ್ಕದ ಬೆಡ್ಡು. ಐಸಿಯು ಭರ್ತಿ.

ಜುಲೈ 16, ಬುಧವಾರ, ಬೆಳಿಗ್ಗೆ

ಸ್ಟೂಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಎಂಟಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ. ಹನ್ನೆರಡೂ ತುಂಬಿದೆ. ಕ್ಯಾಶುವಾಲಿಟಿಯಲ್ಲಿ ಸದ್ಯ ಯಾರೂ ಕಾಯುತ್ತಿಲ್ಲ.

ಅಕ್ಕನಿಗೆ ನಳಿಗೆ ತೆಗೆದಿದ್ದಾರೆ. ಎಚ್ಚರವಿದೆ, ನೋವಿದೆ, ಎದೆಗೆ ದಿಂಬು ಅಪ್ಪಿಕೊಂಡು ಮೆಲ್ಲಗೆ ಕೆಮ್ಮುತ್ತಿದ್ದಾಳೆ. ಹನ್ನೆರಡು ಜನರಲ್ಲಿ ಎಲ್ಲರಿಗಿಂತ ಚೆನ್ನಾಗಿರುವವಳು ಇವಳೇ. ಮೊದಲಿನ ಕ್ರಮದಲ್ಲಿ ಈಗ ಟ್ರಾಲಿ ಬರಬೇಕಿತ್ತು. ಹಿರಿಯ ಸಿಸ್ಟರ್ ಅವಳನ್ನು ನೋಡಿದರು, ನನ್ನನ್ನು ನೋಡಿದರು.

"ಅಕ್ಕನನ್ನ ಇಟ್ಕೊಂಡ್ರು ಅಂತಾರೆ ಮೇಡಂ. ಅವತ್ತು ಆ ಹುಡುಗಿ ಅಪ್ಪನಿಗೆ ಇಲ್ಲ ಅಂದೋರು ಇವತ್ತು ತಮ್ಮ ಮನೆಯವರನ್ನ ಎಬ್ಬಿಸಲಿಲ್ಲ ಅಂತಾರೆ."

ಅನ್ನುತ್ತಾರೆ. ಬಡಗಿಯನ್ನು ಎಬ್ಬಿಸಲಿಲ್ಲ, ಇವಳನ್ನೂ ಎಬ್ಬಿಸುವುದಿಲ್ಲ. ಅವರಿಗೊಂದು ಇವಳಿಗೊಂದು ಮಾಡಲಿಲ್ಲ, ಅಷ್ಟು ಸಾಕು. ಬೆಳಗಿನ ಪಾಳಿಯ ಡಾಕ್ಟರನ್ನೂ ಕೇಳಿದೆ, ನಾಳೆಗೆ ಮುಂಚೆ ಬೇಡ ಎಂದರು. ನಾಳೆಯೇ ಸರಿ.

"ನನ್ನ ಇಳಿಸ್ತಾರಾ?" ಅಕ್ಕನ ದನಿ ಒಣ ಎಲೆಯಂತಿತ್ತು.

"ಇಲ್ಲ. ನೀನು ಮಲಕ್ಕೋ."

"ಮೆಸೇಜ್ ಏನಂತ ಹಾಕ್ಲಿ?" ಎಂದರು ಹಿರಿಯ ಸಿಸ್ಟರ್. ಬೆರಳು ಮೊಬೈಲಿನ ಮೇಲೆ ತಡೆದು ನಿಂತಿದೆ. ಇಷ್ಟು ವರ್ಷದ ರೂಢಿ.

ಇದ್ದದ್ದು ಇದ್ದ ಹಾಗೆ ಹಾಕಿ ಎಂದೆ.

ಎಂಟು. ನನ್ನ ಜೇಬಿನಲ್ಲಿ ಸದ್ದು. "ಐಸಿಯು: ಹನ್ನೆರಡರಲ್ಲಿ ಹನ್ನೆರಡು."

ನರ್ಸುಗಳೆಲ್ಲ ಕೆಲಸ ಮಾಡುತ್ತಲೇ ಮೇಜಿನ ಮೇಲಿನ ಬೂದು ಫೋನಿನ ಕಡೆ ಒಂದು ಕಣ್ಣಿಟ್ಟಿದ್ದಾರೆ. ಮೂಲೆಯಲ್ಲಿ ಅಳಿಯಂದಿರಿಬ್ಬರೂ ಬಕೆಟ್ ಹೊತ್ತು ಸುಮ್ಮನೆ ನಿಂತಿದ್ದಾರೆ. ಆಗಸ್ಟ್ ಕೊನೆಗೆ ನಿಮಗೂ ಕೆಲಸ ಕೊಡಿಸುತ್ತೇನೆ, ತಾಳಿ.

ಹೊಡೆದುಕೊಳ್ಳುತ್ತಿದೆ. ಪ್ಲಾಸ್ಟರ್ ಸುತ್ತಿದ ರಿಸೀವರ್ ಕುಣಿಯುತ್ತಿದೆ. ಸಿಸ್ಟರ್ ಕೈ ಚಾಚಿದರು. ಬೇಡ ಸಿಸ್ಟರ್, ನೀವು ಪೇಷಂಟ್ ನೋಡಿ, ಇದನ್ನ ನಾನೇ —